ಒಬ್ಬಳಿಗೆ ಸಾಕಾಗುವಷ್ಟು

"ಎಷ್ಟು ಜನಕ್ಕವ್ವ?" ಅಂದ ಸೋಸಲೆಯ ಜವರಯ್ಯ
ಬಿದಿರು ಸೀಳುವ ಮಚ್ಚು ನಿಲ್ಲಿಸದೆ.
ಒಬ್ಬಳಿಗೆ, ಅಂದೆ.
ಆಗ ನಿಲ್ಲಿಸಿದ.

ಮಂಡ್ಯದ ನೀರಾವರಿ ಕಛೇರಿಯಲ್ಲಿ ಇಪ್ಪತ್ತಾರು ವರ್ಷ
ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ
ಹೊಳೆಯನ್ನು ಕಾಲಂಗಳಿಗೆ ತುಂಬಿದವಳು ನಾನು:
ಒಳಹರಿವು, ಹೊರಹರಿವು, ಷರಾ.
ಷರಾ ಸದಾ ಖಾಲಿ.
ಕಾಲಗಂಟಿನಿಂದ ಮೇಲಕ್ಕೆ ಕಾವೇರಿ
ನನ್ನನ್ನು ಮುಟ್ಟಿದ್ದೇ ಇಲ್ಲ.

ಅವನು ಅಳತೆ ತೆಗೆದ. ಬಿದಿರಿಗಲ್ಲ, ನನಗೆ.
ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ
ಸುತ್ತ ಕಡ್ಡಿಯಲ್ಲಿ ಗೀಟೆಳೆದ.
"ಐವತ್ತೈದು ಕೇಜಿ?"
ಅರವತ್ತಮೂರು.
"ದಿಟ ಹೇಳ್ದೋರು ಮುಳುಗಾಕಿಲ್ಲ" ಅಂದು
ಗೀಟನ್ನು ಒಂದು ಗೇಣು ಹಿಗ್ಗಿಸಿದ.

ನಾಲ್ಕು ಭಾನುವಾರ ಬಸ್ಸು ಹತ್ತಿದೆ ನೋಡಲು.
ಹುಳ ಹಿಡಿಯದಂತೆ ಅಮಾಸೆಗೆ ಕಡಿದ ಬಿದಿರು,
ಮೂರು ದಿಕ್ಕಿಗೆ ಓಡುವ ಸೀಳು,
ನಡುನಡುವೆ ಉಳಿಯುವ ಆರು ಮೂಲೆಯ ಕಣ್ಣು.
ತಳಕ್ಕೆ ಜೋಡಿ ಹೆಣಿಗೆ, ಬಾಯಿಗೆ ತೋಳುದಪ್ಪದ ಬಳೆ.
"ಆಳ ಜಾಸ್ತಿಯಾದ್ರೆ ಗಾಳಿ ತಿರುಗಿಸ್ತದೆ,
ಕಮ್ಮಿಯಾದ್ರೆ ಅಲೆ ಒಳಗೇ ಊಟಕ್ಕೆ ಬತ್ತದೆ.
ನಿನ್ನ ಮೊಳಕೈ ಉದ್ದ ಇರ್ಲಿ."

ಅವನಜ್ಜ ತೊಗಲು ಹೊದಿಸುತ್ತಿದ್ದನಂತೆ,
ಅಪ್ಪ ಗೊಬ್ಬರದ ಚೀಲ. ಇವನು ಫ್ಲೆಕ್ಸು.
ಬನ್ನೂರು ಸರ್ಕಲ್ಲಿನಿಂದ ಇಳಿಸಿ ತಂದದ್ದು,
ಯಾವನೋ ಮರಿ ಲೀಡರಿಗೆ ಶುಭ ಕೋರುವ
ಹದಿನಾಲ್ಕು ಜನ, ಎಲ್ಲರಿಗೂ ಕಪ್ಪು ಕನ್ನಡಕ.
ಮುಖ ಒಳಕ್ಕೆ ಮಾಡಿ ಹೊಲಿದ.
"ಹೊರಗಾಕಿದ್ರೆ ಮೀನು ಬೆದರ್ತವೆ."
ಹೊರಗೆ ಡಾಂಬರು, ಕುದಿಕುದಿ, ತೆಂಗಿನ ಮಟ್ಟೆಯ ಕುಂಚದಲ್ಲಿ.

ಇನ್ನು ನನ್ನ ಪಟ್ಟಿ. ಕಛೇರಿ ಅಭ್ಯಾಸ, ಉದ್ದವಿತ್ತು.
ಲೈಫ್ ಜಾಕೆಟ್ಟು, ಸೀಟಿ, ಹಗ್ಗ, ಟಾರ್ಚು,
ಗ್ಯಾಸ್ ಸ್ಟವ್ವು, ಕುಕ್ಕರು, ಮಡಿಸುವ ಕುರ್ಚಿ.
ಅವನು ಕುರ್ಚಿ ಬಿಚ್ಚಿ, ಅದರಲ್ಲೇ ಕೂತು
ಮಿಕ್ಕದ್ದನ್ನು ಓದಿಸಿ ಕೇಳಿದ.
"ದಾರೀಲಿ ಒಡ್ಡು ಅವೆ ಕಣವ್ವ.
ಅಲ್ಲಿ ಇಳಿದು, ಇದನ್ನ ತಲೆಮ್ಯಾಲೆ ಬೋರಲು ಹಾಕ್ಕಂಡು
ಆಮೆ ಹಂಗೆ ನಡೀಬೇಕು.
ನೀರಲ್ಲಿ ಅದು ನಿನ್ನ ಹೊರ್ತದೆ, ದಡದಲ್ಲಿ ನೀನು ಅದನ್ನ."
ಸ್ಟವ್ವು ಹೋಯಿತು. ಕುಕ್ಕರು ಹೋಯಿತು.
ಉಳಿದದ್ದು ಹುರಿಹಿಟ್ಟು, ಬೆಲ್ಲ, ಕುಡಿಯುವ ನೀರು,
ಒಳಬಂದ ನೀರು ಮೊಗೆಯಲು ಅರ್ಧ ಕೊಯ್ದ ಎಣ್ಣೆಡಬ್ಬ,
ತೂತಿಗೆಂದು ಒಂದು ಲೋಟ ಡಾಂಬರು, ಹಳೆ ಪಂಚೆ ಚೂರು.
ಕುರ್ಚಿ ಅವನಲ್ಲೇ ಉಳಿಯಿತು.

ಮೊದಲ ದಿನ ನಿಂತ ನೀರಲ್ಲಿ ಗಿರಗಿರ ಸುತ್ತಿದೆ.
ಮೊಮ್ಮಗಳು ದಡದಲ್ಲಿ ನಕ್ಕು ನಕ್ಕು,
"ತಾತ, ಮೇಡಂ ರಾಗಿ ಬೀಸ್ತಾವ್ರೆ!"
"ಇದಕ್ಕೆ ಮುಂದಿಲ್ಲ, ಹಿಂದಿಲ್ಲ" ಅಂದ ಅವನು,
"ಹುಟ್ಟು ಹಾಕಿದ ಕಡೇನೇ ಮುಂದು.
ನೀರು ತಳ್ಳಬ್ಯಾಡ, ನಿನ್ನತ್ತ ಕರಿ.
ಇಂಗ್ಲಿಷ್ ಎಂಟು ಬರೀತೀಯಲ್ಲ, ಹಂಗೆ."
ಎಂಟು!
ಲೆಡ್ಜರುಗಳಲ್ಲಿ ಎಷ್ಟು ಸಾವಿರ ಎಂಟು ಬರೆದಿಲ್ಲ ನಾನು,
ಒಂದಾದರೂ ನನ್ನನ್ನು
ಕುರ್ಚಿಯಿಂದಾಚೆ ಒಯ್ದಿರಲಿಲ್ಲ.

ಹೊರಟ ದಿನ ಸಂಗಮದಲ್ಲಿ, ಬೆಳಗಿನ ಐದೂಮುಕ್ಕಾಲು.
ಟೆಂಪೋದಿಂದ ಬುಟ್ಟಿ ಇಳಿಸಿ, ಕಛೇರಿಗೆ ಫೋನು ಹಚ್ಚಿದೆ.
ಕನ್ನಂಬಾಡಿಯಿಂದ ಎಷ್ಟು ಬಿಟ್ಟಿದ್ದಾರೆ, ಫಣೀಶ?
ಓದಿದ. ಮತ್ತೊಮ್ಮೆ ಓದಿಸಿದೆ.
ಇದೇ ಅಂಕಿ ಎಷ್ಟೋ ಸಲ ಆಕಳಿಸುತ್ತ ಬರೆದಿದ್ದೇನೆ.
ಈಗ ಅದು ಮಂಡಿಗೆ ಬಡಿಯುತ್ತಿತ್ತು, ತಣ್ಣಗೆ.

ಕೂತು, ಚೀಲ ಒತ್ತಿಗಿಟ್ಟುಕೊಂಡೆ.
ಹೆಣಿಗೆಯ ಕಣ್ಣುಗಳಲ್ಲಿ ಫ್ಲೆಕ್ಸಿನ ದಪ್ಪಕ್ಷರ,
'ಹಬ್ಬದ ಶುಭಾಶಯ' ಹುರಿಹಿಟ್ಟಿನಡಿ ಮುಚ್ಚಿಹೋಗಿ
ಕಾಲ ಬಳಿ ಉಳಿದದ್ದು ಬರೀ
ಹುಟ್ಟು.

"ತಿರುಮಕೂಡ್ಲಲ್ಲಿ ಕುರ್ಚಿ ಹಾಕ್ಕಂಡು ಕೂತಿರ್ತೀನಿ,
ಬೇಕಾದ್ರೆ ಬಂದು ಇಸ್ಕೊ!" ಕೂಗಿದ ಜವರಯ್ಯ.

ಮೊದಲ ಎಳೆತಕ್ಕೆ ಒಂದು ಸುತ್ತು ರಾಗಿ ಬೀಸಿದ್ದೇ.
ಎರಡನೆಯದಕ್ಕೆ
ದಡಕ್ಕೆ 'ಹಿಂದೆ' ಎಂಬ ಹೆಸರು ಬಂತು.